ಸರ್ಕಲ್ಲಿನಲ್ಲಿ ನಿಂತವಳು

ಕಾರು ತೊಳೆಯುವುದು ಯಾರ ಕೆಲಸ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅದು ಓಡಿಸುವವರ ಕೆಲಸ ಎಂದು ನಮ್ಮವರು ಹೇಳುತ್ತಾರೆ. ಪಕ್ಕದಲ್ಲಿ ಕೂತು ನಿದ್ದೆ ಮಾಡುತ್ತ ಬರುವವರ ಕೆಲಸ ಎಂದು ನಾನು ಹೇಳುತ್ತೇನೆ. ಈ ಜಗಳದಲ್ಲಿ ಪಾಪ, ಕಾರು ಹಬ್ಬಕ್ಕೊಮ್ಮೆ ಮಾತ್ರ ಸ್ನಾನ ಮಾಡುತ್ತದೆ. ಬನಹಟ್ಟಿಯಲ್ಲಿ ಮಗ್ಗದ ಶೆಡ್ಡಿನ ಪಕ್ಕ ಗಾಡಿ ನಿಲ್ಲಿಸುವವರಿಗೆ ಗೊತ್ತು, ಧೂಳಿಗಿಂತ ಹೆಚ್ಚಾಗಿ ನೂಲಿನ ಸಣ್ಣ ಎಳೆಗಳೇ ಗಾಡಿಯ ಮೇಲೆ ಕೂತಿರುತ್ತವೆ. ಎರಡು ದಿನ ಬಿಟ್ಟರೆ ಕಾರಿಗೆ ಬಿಳಿ ಗಡ್ಡ ಬಂದ ಹಾಗೆ ಕಾಣುತ್ತದೆ.

ಮೊನ್ನೆ ಹಾಗೆ ಗಡ್ಡ ಬೋಳಿಸುತ್ತ ಹಿಂದಿನ ಗಾಜು ಉಜ್ಜುತ್ತಿದ್ದೆ. ಗಾಜಿನ ಮೂಲೆಯಲ್ಲಿ ಕೆಂಪು ಎಲ್ ಅಕ್ಷರದ ಅರ್ಧ ಇನ್ನೂ ಉಳಿದಿತ್ತು. ನಾನು ಗಾಡಿ ಕಲಿಯುವಾಗ ಅಂಟಿಸಿದ್ದು. ಲೈಸೆನ್ಸ್ ಬಂದ ದಿನ ಅದನ್ನು ಕೀಳಲು ಹೋಗಿ ಉಗುರು ಮುರಿದುಕೊಂಡು ಅರ್ಧಕ್ಕೇ ಬಿಟ್ಟಿದ್ದೆ. ಹಿಂದೆ ಬರುವವರು ಆ ತುಂಡನ್ನು ಏನೆಂದು ಓದಿಕೊಳ್ಳುತ್ತಿದ್ದರೋ. ನನ್ನ ಡ್ರೈವಿಂಗ್ ನೋಡಿದವರಿಗೆ ಮಾತ್ರ ಅದು ಏನೆಂದು ಕೂಡಲೇ ತಿಳಿಯುತ್ತಿತ್ತು. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತೆ. ಜೊತೆಗೆ ಗಾಡಿ ಕಲಿತ ಕಸ್ತೂರಿಯ ನೆನಪಾಗಿ ಅವತ್ತು ಕಾರು ಅರ್ಧ ಗಡ್ಡದಲ್ಲೇ ಉಳಿಯಿತು.

ನಾನು ಗಾಡಿ ಕಲಿತದ್ದು ತಲೆಗೂದಲು ನೆರೆತ ಮೇಲೆ. ಜಮಖಂಡಿಯ ಹೈಸ್ಕೂಲಿಗೆ ನನ್ನ ವರ್ಗವಾಗಿತ್ತು. ಬೆಳಗಿನ ಬಸ್ಸಿನಲ್ಲಿ ಕಾಲೇಜಿನ ಹುಡುಗರು ಕಿಟಕಿಯಿಂದಲೇ ಚೀಲ ಎಸೆದು ಸೀಟು ಹಿಡಿಯುತ್ತಿದ್ದರು. ವಿಜ್ಞಾನ ಕಲಿಸುವ ನಾನು ಒಂದು ಕಾಲಿನ ಮೇಲೆ ನಿಂತು, ಗುರುತ್ವಾಕರ್ಷಣೆಯ ಪಾಠವನ್ನು ಮೈಮೇಲೆ ಅನುಭವಿಸುತ್ತ ಹೋಗುತ್ತಿದ್ದೆ. ಒಂದು ದಿನ ಮನೆಗೆ ಬಂದವಳೇ, ಕಾರು ಕಲಿಯುತ್ತೇನೆ ಎಂದೆ. ನಮ್ಮವರು ಮಗ್ಗ ನಿಲ್ಲಿಸಿ, ಏನಂದಿ ಎಂದು ಇನ್ನೊಮ್ಮೆ ಕೇಳಿದರು. ಮಗ್ಗದ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ನಾನೂ ಇನ್ನೊಮ್ಮೆ ಹೇಳಿದೆ. ಮೊದಲ ಸಲವೇ ಕೇಳಿಸಿತ್ತು ಎಂದು ಅವರು ಆಮೇಲೆ ಒಪ್ಪಿಕೊಂಡರು.

ಡ್ರೈವಿಂಗ್ ಶಾಲೆಯ ಕಾರಿಗೆ ಎರಡು ಬ್ರೇಕು, ಮೇಷ್ಟ್ರಿಗೆ ಅರ್ಧ ನಿದ್ದೆ. ಬೆಳಗಿನ ತಂಡದಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಇನ್ನೊಬ್ಬಳು ಚಿಮ್ಮಡದ ಕಡೆಯ ಕಸ್ತೂರಿ. ಅವರದು ಬೀರೇಶ್ವರನ ಒಕ್ಕಲು, ಹಿಂದೆ ಕುರಿ, ಈಗ ಕಬ್ಬು. ಹೊಲದಲ್ಲೇ ಮನೆ. ಗಂಡ ಬೀರಪ್ಪ ಕಾರು ಕೊಂಡಿದ್ದರು, ಆದರೆ ಅದರ ಮೇಲೆ ಅವರಿಗೆ ಮನಸ್ಸಿರಲಿಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಂತೂ ಅವರು ಹೊಲ ಬಿಟ್ಟು ಕದಲುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಅತ್ತೆಯನ್ನು ಆಗಾಗ ಮುಧೋಳದ ದವಾಖಾನೆಗೆ ಕರೆದುಕೊಂಡು ಹೋಗಬೇಕಿತ್ತು. ಅದಕ್ಕಾಗಿ ಗಂಡನೇ ಇವಳನ್ನು ಕಲಿಯಲು ಕಳಿಸಿದ್ದರು. ಮುಂದೆ ನಡೆದದ್ದನ್ನು ಕೇಳಿದ ಮೇಲೆ ನೀವು ಆ ಮನುಷ್ಯನನ್ನು ತಪ್ಪು ತಿಳಿಯಬಾರದೆಂದು ಈ ಮಾತನ್ನು ಈಗಲೇ ಹೇಳಿಡುತ್ತಿದ್ದೇನೆ.

ಕಸ್ತೂರಿಗೆ ಟ್ರ್ಯಾಕ್ಟರ್ ಬರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲೇ ಮೈದುನನ ಹತ್ತಿರ ಕಲಿತಿದ್ದಳಂತೆ. ಹೀಗಾಗಿ ಮೊದಲ ದಿನವೇ ಅವಳು ಸ್ಟೇರಿಂಗ್ ಹಿಡಿದು, ಎರಡು ಬೆರಳಲ್ಲಿ ತಿರುಗಿಸಿ, ನನ್ನ ಕಡೆ ನೋಡಿ ಹೇಳಿದಳು: “ಅಕ್ಕೋರ, ಇದೇನ್ರಿ, ಹುಡುಗೂರು ಆಡೋ ಸಾಮಾನ ಇದ್ದಂಗ ಐತಿ.”

ನನಗೆ ಅದು ಆಟದ ಸಾಮಾನಾಗಿರಲಿಲ್ಲ. ಊರ ನಡುವಿನ ಸರ್ಕಲ್ಲಿಗೆ ನಾನು ಮೊದಲ ಸಲ ಗಾಡಿ ತಂದ ದಿನ ಒಳಗೇನೋ ಹೋದೆ, ಹೊರಗೆ ಬರುವುದು ತಿಳಿಯಲಿಲ್ಲ. ಎಡಕ್ಕೆ ಹೊರಳಬೇಕೆಂದರೆ ಅಲ್ಲಿ ಆಟೋ, ಮುಂದಿನ ದಾರಿಗೆ ಹೊರಳಬೇಕೆಂದರೆ ಅಲ್ಲಿ ಬಾಳೆಹಣ್ಣಿನ ಗಾಡಿ. ಸುತ್ತುತ್ತಲೇ ಇದ್ದೆ. ಪಾನ್ ಅಂಗಡಿಯವರು ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ನೋಡತೊಡಗಿದರು. ಕೇಂದ್ರಾಭಿಮುಖ ಬಲ ಎಂದರೇನು ಎಂದು ಮಕ್ಕಳಿಗೆ ಅಷ್ಟು ವರ್ಷ ಕಲಿಸಿದ್ದೆನಲ್ಲ, ಆ ಬಲ ಅವತ್ತು ನನ್ನನ್ನು ಬಿಡಲೊಲ್ಲದು. ಕೊನೆಗೆ ಎಚ್ಚರಾದ ಮೇಷ್ಟ್ರು ತಮ್ಮ ಬ್ರೇಕು ಒತ್ತಿ, ಸರ್ಕಲ್ ಬಂತೆಂದರೆ ಹಾರ್ನ್ ಒತ್ತಬೇಕು, ನುಗ್ಗಬೇಕು, ಅಷ್ಟೇ ಎಂದರು. ಸರ್ಕಲ್ಲಿನ ವಿಷಯದಲ್ಲಿ ಅವರು ಹೇಳಿಕೊಟ್ಟ ಪೂರ್ತಿ ಪಾಠ ಇಷ್ಟೇ. ನಮ್ಮ ಊರಿನಲ್ಲಿ ಗಾಡಿ ಓಡಿಸುವವರೆಲ್ಲ ಕಲಿತಿರುವುದೂ ಇಷ್ಟೇ ಎಂದು ಕಾಣುತ್ತದೆ.

ನಾನು ಸಣ್ಣವಳಿದ್ದಾಗ ಅಲ್ಲಿ ಸರ್ಕಲ್ಲೇ ಇರಲಿಲ್ಲ. ದಾರಿಗಳು ಬಂದು ಕೂಡುವ ಒಂದು ಬಯಲಿತ್ತು. ಎತ್ತಿನ ಗಾಡಿ, ಸೈಕಲ್ಲು, ತಲೆಯ ಮೇಲೆ ಸೀರೆಯ ಗಂಟು ಹೊತ್ತವರು ಬೇಕಾದ ಕಡೆಯಿಂದ ಬಂದು ಬೇಕಾದ ಕಡೆಗೆ ಹೋಗುತ್ತಿದ್ದರು. ಎರಡು ಎತ್ತಿನ ಗಾಡಿಗಳು ಎದುರುಬದುರಾದರೆ ಗಾಡಿ ಹೊಡೆಯುವವರು ಇಳಿದು ಮಾತಾಡುತ್ತಿದ್ದರು. ಮಳೆ ಬೆಳೆ, ಮಗಳ ಬಾಣಂತನ ಎಲ್ಲ ಮುಗಿದ ಮೇಲೆ, ಯಾರಿಗೆ ಅವಸರವಿತ್ತೋ ಅವರು ಮೊದಲು ಹೋಗುತ್ತಿದ್ದರು. ಮಗ್ಗದ ಕಂಡಿಕೆಗೆ ಸುತ್ತುವ ನೂಲು ತರಲು ಅವ್ವ ಕಳಿಸಿದಾಗ ನಾನು ಅಲ್ಲೇ ನಿಂತು ಅವರ ಮಾತು ಕೇಳುತ್ತಿದ್ದೆ, ಮನೆಗೆ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ಆ ಬಯಲಿನ ನಡುವೆ ದುಂಡಗೆ ಕಟ್ಟೆ ಕಟ್ಟಿ, ಕಂಬ ನಿಲ್ಲಿಸಿ, ಹುಲ್ಲು ಹಚ್ಚಿದರು. ಹುಲ್ಲನ್ನು ಆಡು ಮೇಯ್ದವು. ಕಂಬಕ್ಕೆ ಪುಢಾರಿಗಳ ಹುಟ್ಟುಹಬ್ಬದ ಬ್ಯಾನರು ಬಂದವು. ಜನ ಇಳಿದು ಮಾತಾಡುವುದು ಮಾತ್ರ ಅಲ್ಲಿಗೆ ನಿಂತಿತು. ನೋಡಿ, ಕಸ್ತೂರಿಯ ಸುದ್ದಿ ಬಿಟ್ಟು ಎಲ್ಲಿಗೋ ಬಂದೆ. ಮೊದಲಿಂದಲೂ ನನಗೆ ಸರಿಯಾದ ದಾರಿಗೆ ಹೊರಳುವುದು ಬರುವುದಿಲ್ಲ.

ಲೈಸೆನ್ಸ್ ಬಂದ ಮೇಲೆ ನಾವಿಬ್ಬರೂ ಬೇರೆಯಾಗಲಿಲ್ಲ. ಒಬ್ಬಳೇ ದೂರ ಹೋಗಲು ನನಗೆ ಧೈರ್ಯವಿರಲಿಲ್ಲ, ಶಾಲೆಗೂ ಇನ್ನೂ ಬಸ್ಸಿನಲ್ಲೇ ಹೋಗುತ್ತಿದ್ದೆ. ಸುಮ್ಮನೆ ಗಾಡಿ ತೆಗೆದುಕೊಂಡು ಹೋಗಲು ಕಸ್ತೂರಿಗೆ ಮನೆಯಲ್ಲಿ ಹೇಳಲು ಒಂದು ನೆಪ ಬೇಕಿತ್ತು. ನಾನು ಅವಳ ನೆಪವಾದೆ, ಅವಳು ನನ್ನ ಧೈರ್ಯವಾದಳು. ರವಿವಾರ ಮಧ್ಯಾಹ್ನ ಅವಳ ಬಿಳಿ ಕಾರು ನಮ್ಮ ಬಾಗಿಲಿಗೆ ಬರುತ್ತಿತ್ತು. ಒಮ್ಮೆ ಸಾವಳಗಿ, ಒಮ್ಮೆ ಜಮಖಂಡಿ, ಇನ್ನೊಮ್ಮೆ ಬೀಳಗಿ ದಾಟಿ ಬಾಡಗಂಡಿಯವರೆಗೆ. ಕೆಲಸವೇನೂ ಇರುತ್ತಿರಲಿಲ್ಲ. ಎಲ್ಲಾದರೂ ಗಿಡದ ನೆರಳಿಗೆ ಗಾಡಿ ನಿಲ್ಲಿಸಿ ಗಿರಮಿಟ್ಟು, ಮಿರ್ಚಿ ತಿನ್ನುತ್ತಿದ್ದೆವು. ಸೀಟಿನ ಮೇಲೆ ಎಣ್ಣೆ ಬಿದ್ದರೆ ಅವಳು ಸೆರಗಿನಿಂದ ಒರೆಸುತ್ತಿದ್ದಳು. ಗಾಡಿ ಓಡಿಸುವಾಗ ಅವಳ ಮುಖ ಬೇರೆಯೇ ಆಗಿರುತ್ತಿತ್ತು. ಮನೆಯಲ್ಲಿ ಯಾವಾಗಲೂ ಯಾರಾದರೂ ಕರೆಯುತ್ತಾರೇನೋ ಎಂದು ಕಿವಿಗೊಟ್ಟವಳ ಹಾಗೆ ಇರುತ್ತಿದ್ದವಳು, ಇಲ್ಲಿ ಸುಮ್ಮನೆ ದಾರಿ ನೋಡುತ್ತಿದ್ದಳು. ಒಂದು ಸಲ ಬೀಳಗಿಯ ದಾರಿಯಲ್ಲಿ ಅವಳು ತಾನಾಗಿಯೇ ಹೇಳಿದ್ದಳು, ಗಾಡಿಯಲ್ಲಿ ಕೂತಾಗ ನಾನು ಯಾರ ಸೊಸೆಯೂ ಅಲ್ಲ ಅನ್ನಿಸುತ್ತದೆ ಎಂದು. ಹೇಳಿದ ಕೂಡಲೇ ನಾಚಿಕೆಯಾಗಿ ಮಿರ್ಚಿಯ ಸುದ್ದಿ ತೆಗೆದಳು.

ಅವಳ ಅಣ್ಣ ಮಾಳಪ್ಪ ಮಸ್ಕತ್ತಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಂದು ಬೇಸಿಗೆಯಲ್ಲಿ ತಾಯಿಯನ್ನೂ ತಂಗಿಯನ್ನೂ ಅಲ್ಲಿಗೆ ಕರೆಸಿಕೊಂಡ. ಹೋಗಿ ಬಂದವರು ಸಾಮಾನ್ಯವಾಗಿ ಬಂಗಾರದ ಅಂಗಡಿ, ಸಮುದ್ರ, ದೊಡ್ಡ ಮಸೀದಿಯ ಸುದ್ದಿ ಹೇಳುತ್ತಾರೆ. ಇವಳು ಖರ್ಜೂರದ ಪೊಟ್ಟಣ ನನ್ನ ಕೈಗೆ ಕೊಟ್ಟವಳೇ ಸರ್ಕಲ್ಲಿನ ಸುದ್ದಿ ಶುರುಮಾಡಿದಳು. ಅಲ್ಲಿ ಸರ್ಕಲ್ ಎಂದರೆ ಒಂದು ತೋಟವಂತೆ. ಹಚ್ಚನೆಯ ಹುಲ್ಲು, ಹೂವು, ನಡುವೆ ಮನೆಯಷ್ಟು ದೊಡ್ಡ ಕಾಫಿ ಹೂಜಿಯ ಪ್ರತಿಮೆ. ಆಡು ಒಂದೂ ಇಲ್ಲ.

“ಆದ್ರ ಅಲ್ಲೆ ಎಲ್ಲಾ ಉಲ್ಟಾ ತಿರಗತಾರ್ರೀ ಅಕ್ಕೋರ,” ಎಂದಳು. “ಗುಡಿ ಸುತ್ತೋದಕ್ಕ ಉಲ್ಟಾ. ಮೊದಲನೇ ದಿನಾ ನಮ್ಮವ್ವ ಕಣ್ಣ ಮುಚ್ಚಿಕೊಂಡ ಕುಂತಿದ್ಲು.”

ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುತ್ತವೆ, ಅದಕ್ಕೇ ಸರ್ಕಲ್ಲನ್ನು ಅಪ್ರದಕ್ಷಿಣವಾಗಿ ಸುತ್ತುತ್ತವೆ. ಸಾವಿನ ಮನೆಯಲ್ಲಿ ಬಿಟ್ಟರೆ ಹಾಗೆ ಸುತ್ತುವುದನ್ನು ಆ ಮುದುಕಿ ಬೇರೆಲ್ಲೂ ಕಂಡಿರಲಿಲ್ಲ. ಮಗ ಪ್ರತಿ ಸರ್ಕಲ್ ದಾಟುವಾಗಲೂ ಅವಳು ಬೀರೇಶ್ವರನ ಹೆಸರು ಹೇಳುತ್ತ ಕೂರುತ್ತಿದ್ದಳಂತೆ. ಕಸ್ತೂರಿಯನ್ನು ಹಿಡಿದದ್ದು ಬೇರೆ ಸಂಗತಿ. ಸರ್ಕಲ್ಲಿನ ಒಳಗೆ ಯಾರಿದ್ದಾರೋ ಅವರು ಮೊದಲು. ಹೊರಗಿನಿಂದ ಬರುವವನು ಎಷ್ಟೇ ದೊಡ್ಡ ಗಾಡಿಯಲ್ಲಿದ್ದರೂ ಬಿಳಿ ಗೆರೆಯ ಹತ್ತಿರ ನಿಲ್ಲುತ್ತಾನೆ. ಅವಳ ಅಣ್ಣನ ದೊಡ್ಡ ಟ್ಯಾಂಕರು ಒಂದು ಸಣ್ಣ ಕಾರಿಗಾಗಿ ನಿಂತಿತಂತೆ. ಆ ಕಾರಿನಲ್ಲಿ ಒಬ್ಬಳೇ ಹೆಂಗಸು ಕೂತಿದ್ದಳಂತೆ. ಯಾರೂ ಹಾರ್ನ್ ಒತ್ತಲಿಲ್ಲವಂತೆ. ಇದನ್ನು ಹೇಳುವಾಗ ಅವಳು ಕಾಫಿ ಹೂಜಿಯನ್ನೂ ಮರೆತಿದ್ದಳು.

ನನ್ನೊಳಗಿನ ಪಾಠ ಹೇಳುವ ಅಕ್ಕೋರಿಗೆ ಇಷ್ಟು ಸಾಕಾಯಿತು. ಪ್ರಪಂಚದ ಸರ್ಕಲ್ಲುಗಳನ್ನೆಲ್ಲ ಹುಡುಕಿ ಓದತೊಡಗಿದೆ. ರವಿವಾರದ ತಿರುಗಾಟದಲ್ಲಿ ಕಾರಿನ ಧೂಳು ಹಿಡಿದ ಬಾನೆಟ್ಟಿನ ಮೇಲೆ ಬೆರಳಿನಿಂದ ಚಿತ್ರ ಬರೆದು ಅವಳಿಗೆ ತೋರಿಸುತ್ತಿದ್ದೆ. ಇಂಗ್ಲೆಂಡಿನವರು ನಮ್ಮ ಹಾಗೆ ಪ್ರದಕ್ಷಿಣೆ ಹಾಕುತ್ತಾರೆ, ಬಲಗಡೆಯಿಂದ ಬರುವವರಿಗೆ ದಾರಿ ಬಿಡುತ್ತಾರೆ. ಅಲ್ಲಿ ಜಾಗವಿಲ್ಲದ ಕಡೆ ರಸ್ತೆಯ ಮೇಲೆ ಒಂದು ಬಿಳಿ ಬೊಟ್ಟು ಇಟ್ಟಿರುತ್ತಾರೆ, ಜನ ಅದನ್ನೇ ಸರ್ಕಲ್ ಎಂದು ನಂಬಿ ಸುತ್ತುತ್ತಾರೆ. ಅಮೆರಿಕದವರು ಮಸ್ಕತ್ತಿನವರ ಹಾಗೆ ಉಲ್ಟಾ. ಪ್ಯಾರಿಸ್ಸಿನಲ್ಲಿ ಬಹಳ ದಾರಿಗಳು ಬಂದು ಸೇರುವ ಒಂದು ಹಳೆಯ ದೊಡ್ಡ ಸರ್ಕಲ್ಲಿದೆ. ಅಲ್ಲಿ ಮಾತ್ರ ಹೊಸದಾಗಿ ಬರುವವರಿಗೆ ಮೊದಲ ಹಕ್ಕು, ಒಳಗಿದ್ದವರೇ ನಿಂತು ಅವರನ್ನು ಬಿಟ್ಟುಕೊಳ್ಳಬೇಕು. ಇದನ್ನು ಹೇಳಿದಾಗ ಕಸ್ತೂರಿಗೆ ಭಾಳ ಖುಷಿಯಾಯಿತು. ಅದು ನಮ್ಮ ಮನೆಗಳ ಪದ್ಧತಿಯೇ ಆಯಿತಲ್ಲ, ಬಂದವರಿಗೆ ಮೊದಲು ನೀರು ಬೆಲ್ಲ ಕೊಟ್ಟ ಹಾಗೆ ಎಂದಳು. ಆಮೇಲೆ ನಮ್ಮ ದೇಶದಲ್ಲಿ ಹೇಗೆ ಎಂದು ಕೇಳಿದಳು. ಅದನ್ನು ಮಾತ್ರ ನಾನು ನೋಡಿರಲಿಲ್ಲ. ಮುಂದಿನ ವಾರ ನೋಡಿಕೊಂಡು ಬಂದು ಹೇಳಿದೆ: ನಮ್ಮ ನಿಯಮದಲ್ಲಿಯೂ ಒಳಗಿದ್ದವರೇ ಮೊದಲು.

ಅವಳು ಬಾನೆಟ್ಟಿನ ಮೇಲಿನ ಚಿತ್ರದ ಸುತ್ತ ಒಮ್ಮೆ ಬೆರಳಾಡಿಸಿದಳು. “ಹಂಗಾರ ಇದು ಮಸ್ಕತ್ತಿಂದ ತರೋ ಸಾಮಾನ ಅಲ್ಲ,” ಎಂದಳು. “ನಮ್ಮ ಮನ್ಯಾಗ ಇತ್ತು. ನಾವ ತಗದ ನೋಡಿಲ್ಲ.”

ಅವತ್ತಿನಿಂದ ಅವಳು ಸರ್ಕಲ್ಲಿನಲ್ಲಿ ನಿಲ್ಲತೊಡಗಿದಳು.

ನಿಲ್ಲುವುದು ಎಂದರೆ ಏನು ಎಂಬುದು ನಮ್ಮ ಕಡೆಯ ಸರ್ಕಲ್ಲಿನಲ್ಲಿ ನಿಂತವರಿಗೇ ಗೊತ್ತು. ನೀವು ನಿಂತಿರೆಂದರೆ ನಿಮಗಾಗಿ ಯಾರೂ ನಿಲ್ಲುವುದಿಲ್ಲ. ಒಳಗೆ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ. ಒಂದು ಬೈಕು ಹೋಯಿತೆಂದರೆ ಅದರ ಹಿಂದೆ ಆಟೋ, ಆಟೋ ಹಿಂದೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಇಡೀ ಊರಿಗೆ ಕೇಳುವ ಹಾಗೆ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರು. ಹಿಂದಿನವರ ಹಾರ್ನ್ ಶುರುವಾಗುತ್ತದೆ. ಮೊದಲ ದಿನ ಒಬ್ಬ ಆಟೋದವನು ಇಳಿದು ಬಂದು, ಪೆಟ್ರೋಲ್ ತೀರಿತೇನು, ನೂಕಬೇಕೇನು ಎಂದು ಮರ್ಯಾದೆಯಿಂದ ಕೇಳಿದ. ಕಸ್ತೂರಿ ಅಷ್ಟೇ ಮರ್ಯಾದೆಯಿಂದ, ಒಳಗಿದ್ದವರು ಹೋಗಲಿ ಎಂದು ನಿಂತಿದ್ದೇನೆ ಎಂದಳು. ಅವನು ಸರ್ಕಲ್ಲನ್ನೊಮ್ಮೆ, ಇವಳನ್ನೊಮ್ಮೆ ನೋಡಿ ಹೋದ. ಹೋಗಿ ಪಾನ್ ಅಂಗಡಿಯವರಿಗೆ ಏನೋ ಹೇಳಿದ. ಅವರು ನಕ್ಕರು. ಪಕ್ಕದಲ್ಲಿ ಕೂತ ನಾನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಅವಳು ನಗಲಿಲ್ಲ.

ಒಂದು ಸಂಜೆ ಕುರಿಯ ಹಿಂಡು ಬಂತು. ಕಂಬಳಿ ಹೊದ್ದ ಹಿರಿಯರೊಬ್ಬರು ಹಿಂಡನ್ನು ಸರ್ಕಲ್ಲಿನ ಸುತ್ತ ನಡೆಸಿಕೊಂಡು ಹೋಗುತ್ತಿದ್ದರು. ಕುರಿಗಳು ಒಳಗಿದ್ದವು, ಆದ್ದರಿಂದ ಕಸ್ತೂರಿ ನಿಂತಳು. ಬೇರೆ ಗಾಡಿಗಳು ಹಿಂಡನ್ನು ಸೀಳಿಕೊಂಡು ನುಗ್ಗುತ್ತಿದ್ದವು. ಇವಳು ನಿಂತದ್ದರಿಂದ ಒಂದು ಕಡೆಯಾದರೂ ಬಯಲಾಗಿ, ಹಿಂಡು ಬೆದರದೆ ದಾಟಿತು. ಹಿಂದೆ ಉಳಿದ ಒಂದು ಕುಂಟು ಮರಿಯನ್ನು ಆ ಹಿರಿಯರು ಎತ್ತಿ ಹೆಗಲಿಗೆ ಹಾಕಿಕೊಂಡರು. ಕಾರಿನ ಹತ್ತಿರ ಬಂದು, ಯಾರ ಮನೆಯವಳು ತಾಯಿ ಎಂದು ಕೇಳಿದರು. ಅವಳು ಹೇಳಿದಳು. ಅವರು ಅವಳ ಮಾವನ ಹೆಸರು ಹಿಡಿದು, ಅವರ ಸೊಸೆಯೇನು ಎಂದು ತಲೆಯಾಡಿಸಿ, ಕೈ ಎತ್ತಿ ಹರಸಿ ಹೋದರು. ಆ ಸಂಜೆ ನಾನು ನಗಲಿಲ್ಲ ಎಂಬುದು ನೆನಪಿದೆ.

ಬರಬರುತ್ತ ಚಿಮ್ಮಡದ ದಾರಿಯ ಕೆಲವು ಆಟೋದವರು ಅವಳ ಬಿಳಿ ಕಾರು ಕಂಡರೆ ಹಾರ್ನ್ ಒತ್ತುವುದನ್ನು ಬಿಟ್ಟರು. ಒಬ್ಬಿಬ್ಬರು ತಾವೂ ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಅದು ನಿಯಮಕ್ಕೆ ಕೊಟ್ಟ ಗೌರವವೋ, ಬೀರಪ್ಪನವರ ಹೆಂಡತಿಗೆ ಕೊಟ್ಟದ್ದೋ ನನಗೆ ತಿಳಿಯದು. ಕಸ್ತೂರಿ ಮಾತ್ರ ಒಬ್ಬ ನಿಂತರೂ ಅವತ್ತು ಮನೆಗೆ ಹೋದ ಮೇಲೆ ನನಗೆ ಫೋನ್ ಮಾಡುತ್ತಿದ್ದಳು. ಇನ್ನೂ ಕೆಲವು ವರ್ಷ ಹೀಗೇ ನಡೆದಿದ್ದರೆ ಏನಾಗುತ್ತಿತ್ತೋ. ನಮ್ಮ ಊರು ಬದಲಾಗುತ್ತಿತ್ತು ಎಂದು ಹೇಳುವಷ್ಟು ಹುಂಬಳಲ್ಲ ನಾನು. ಆದರೂ ನೂಲಿನ ಧೂಳು ಹಿಡಿದ ಆ ಸರ್ಕಲ್ಲನ್ನು ದಾಟುವಾಗ ಆ ಯೋಚನೆ ಇವತ್ತಿಗೂ ಬರುತ್ತದೆ.

ಒಂದು ದಿನ ಅವಳ ಅತ್ತೆ ಲಕ್ಕವ್ವನವರನ್ನು ಮುಧೋಳಕ್ಕೆ ಕರೆದುಕೊಂಡು ಹೋಗುವುದಿತ್ತು. ನನಗೂ ರಜೆ, ನಾನೂ ಹೊರಟೆ. ಲಕ್ಕವ್ವನವರು ಹಿಂದಿನ ಸೀಟಿನಲ್ಲಿ ಕಾಲು ಮಡಚಿ, ಕಟ್ಟೆಯ ಮೇಲೆ ಕೂತ ಹಾಗೆ ಕೂತಿದ್ದರು. ದಾರಿಯುದ್ದಕ್ಕೂ ಯಾರ ಹೊಲದ ಕಬ್ಬು ಹೇಗಿದೆ ಎಂದು ಹೇಳುತ್ತ ಬಂದರು. ಮುಧೋಳದ ಒಂದು ಸರ್ಕಲ್ಲಿಗೆ ಬಂದಾಗ ಒಳಗೆ ಬಸ್ಸು ಸುತ್ತುತ್ತಿತ್ತು. ಕಸ್ತೂರಿ ನಿಧಾನಿಸಿದಳು, ನಿಂತಳು. ಬಸ್ಸು ನಮ್ಮ ಮುಂದೆ ಬರುವಷ್ಟರಲ್ಲಿ ಹಿಂದಿನಿಂದ ಬಡಿತ. ನನ್ನ ಕನ್ನಡಕ ಮಡಿಲಿಗೆ ಬಿತ್ತು. ನೂಲಿನ ಚೀಲ ಹೇರಿಕೊಂಡು ಬಂದ ಸಣ್ಣ ಗೂಡ್ಸ್ ಗಾಡಿ ನಮ್ಮ ಬೆನ್ನಿಗೆ ಹಾಯ್ದಿತ್ತು.

ಕಸ್ತೂರಿ ಮೊದಲು ಹಿಂದೆ ತಿರುಗಿ ನೋಡಿದಳು. ಲಕ್ಕವ್ವನವರು ಸೀಟಿನ ಸಂದಿಗೆ ಜಾರಿ ಬಿದ್ದಿದ್ದರು, ಒಂದು ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದರು. ನಾವಿಬ್ಬರೂ ಸೇರಿ ಅವರನ್ನು ಹೊರಗೆ ಇಳಿಸಿ ಕೂರಿಸಿದೆವು. ಅಷ್ಟರಲ್ಲಿ ಜನ ಸೇರಿದ್ದರು. ಗೂಡ್ಸ್ ಗಾಡಿಯ ತರುಣ ಇಳಿದು ಬಂದ. ಅವನ ಮುಖವೂ ಬಿಳಿಚಿಕೊಂಡಿತ್ತು, ಹೆದರಿಕೆಗೇ ಜೋರು ಮಾಡಿದ. ಸಿಗ್ನಲ್ ಇಲ್ಲ, ಪೊಲೀಸಿಲ್ಲ, ನಡುರಸ್ತೆಯಲ್ಲಿ ಯಾಕೆ ನಿಂತಿರಿ ಎಂದ. ಸೇರಿದ ಜನರಿಗೂ ಅದೇ ಪ್ರಶ್ನೆ. ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ಟರೆ ಹೀಗೇ ಎಂದು ಯಾರೋ ಹಿಂದಿನಿಂದ ಹೇಳಿದರು. ನಾನು ಪಾಠ ಹೇಳುವ ದನಿಯಲ್ಲಿ ನಿಯಮ ಹೇಳತೊಡಗಿದೆ. ಸರ್ಕಲ್ಲಿನ ಒಳಗಿದ್ದವರು ಮೊದಲು, ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಹೀಗೇ ಎಂದೆ. ಪ್ಯಾರಿಸ್ಸಿನ ಮಾತು ಬಾಯಿಯವರೆಗೆ ಬಂದಿತ್ತು, ಪುಣ್ಯಕ್ಕೆ ನುಂಗಿಕೊಂಡೆ. ಯಾರೂ ಕೇಳುತ್ತಿರಲಿಲ್ಲ. ಕಸ್ತೂರಿ ಅತ್ತೆಯ ಕೈಗೆ ತನ್ನ ಕರವಸ್ತ್ರ ಕಟ್ಟುತ್ತಿದ್ದಳು.

ಮಾತಾಡಿದವರು ಲಕ್ಕವ್ವ. ಕೂತಲ್ಲಿಂದಲೇ ಆ ತರುಣನನ್ನು ಹತ್ತಿರ ಕರೆದರು.

“ಯಪ್ಪಾ, ಆಕಿ ನಿಂತಿದ್ಲು,” ಎಂದರು. “ನಿಂತಾಕಿ ಮ್ಯಾಲ ಬಂದಾಂವ ನೀನು. ಆಕೀದೇನ ತಪ್ಪೈತಿ ಹೇಳು.”

ಅವನು ತಲೆ ತಗ್ಗಿಸಿದ. ಆಮೇಲೆ ಅವನೇ ಅವರನ್ನು ಹಿಡಿದು ಆಟೋಕ್ಕೆ ಹತ್ತಿಸಿದ. ಸೊಸೆಯ ಪರವಾಗಿ ಅತ್ತೆ ನಡುಬಜಾರಿನಲ್ಲಿ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಸ್ತೂರಿ ಆಗ ಅತ್ತಳು, ಅಲ್ಲಿಯವರೆಗೆ ಅತ್ತಿರಲಿಲ್ಲ.

ಮುಂಗೈಯ ಎಲುಬು ಬಿರುಕು ಬಿಟ್ಟಿತ್ತು, ಪಟ್ಟಿ ಹಾಕಿದರು. ಬೀರಪ್ಪನವರು ಹೊಲದಿಂದ ಹಾಗೇ ಕೆಸರುಗಾಲಿನಲ್ಲಿ ದವಾಖಾನೆಗೆ ಬಂದರು. ಹೆಂಡತಿಗೆ ಬೈಯಲಿಲ್ಲ. ತಾಯಿಯ ಕೈ ನೋಡಿದರು, ಹೆಂಡತಿಗೆ ಎಲ್ಲಾದರೂ ಪೆಟ್ಟಾಯಿತೇನು ಎಂದು ಕೇಳಿದರು, ನನಗೆ ಚಹಾ ತರಿಸಿಕೊಟ್ಟರು. ಕಾರು ರಿಪೇರಿಯಾಗಿ ಬಂದ ದಿನ ಅದರ ಚಾವಿಯನ್ನು ತಮ್ಮ ಹತ್ತಿರ ಇಟ್ಟುಕೊಂಡರು. ಗಾಡಿ ಓಡಿಸಲು ಒಬ್ಬ ಡ್ರೈವರನನ್ನು ಗೊತ್ತು ಮಾಡಿದರು. ಅಷ್ಟೇ ಆದದ್ದು. ಜಗಳವಾಗಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ಉತ್ತರ ಕೊಡಬಹುದಿತ್ತು ಎಂದು ಕಸ್ತೂರಿ ಒಮ್ಮೆ ನನ್ನ ಮುಂದೆ ಹೇಳಿದಳು.

ಅವಳ ಪರವಾಗಿ ಮಾತಾಡಲು ನಾನೇ ಒಂದು ದಿನ ಅವರ ಹೊಲದ ಮನೆಗೆ ಹೋದೆ. ಬೀರಪ್ಪನವರು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿ, ನಾನು ಹೇಳುವುದನ್ನೆಲ್ಲ ಕೇಳಿದರು. ನಾನು ಒಳ್ಳೆಯ ತಯಾರಿ ಮಾಡಿಕೊಂಡು ಹೋಗಿದ್ದೆ. ತಪ್ಪು ಹಿಂದಿನವನದು, ನಿಯಮ ಇವಳ ಕಡೆಗಿದೆ ಎಂದು ಎಳೆಎಳೆಯಾಗಿ ಬಿಡಿಸಿ ಹೇಳಿದೆ. ಅವರು ಎಲ್ಲಕ್ಕೂ ಹೂಂ ಎಂದರು.

“ನಿಮ್ಮ ರೂಲ್ ಖರೆ ಐತ್ರೀ ಅಕ್ಕೋರ,” ಎಂದರು ಕೊನೆಗೆ. “ಆದ್ರ ಅದು ಹಿಂದಿನ ಗಾಡಿಯವಗ ಗೊತ್ತಿರಬೇಕಲ್ರಿ. ಅವತ್ತ ನೂಲಿನ ಗಾಡಿ ಬಂತು. ನಾಳೆ ಕಬ್ಬಿನ ಟ್ರ್ಯಾಕ್ಟರ್ ಬಂದ್ರ ನಾ ಏನ ಮಾಡಲಿ?”

ಅವರ ಹೊಲದ ಕಬ್ಬನ್ನೇ ಹೇರಿಕೊಂಡು ಟ್ರ್ಯಾಕ್ಟರುಗಳು ಆ ರಸ್ತೆಯಲ್ಲಿ ಹೋಗುತ್ತಿದ್ದವು. ಅಷ್ಟು ಭಾರ ಹೇರಿದ ಗಾಡಿ ಬೇಕೆಂದಲ್ಲಿ ನಿಲ್ಲುವುದಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮನುಷ್ಯ ಕೆಟ್ಟವನಾಗಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅಂಜಿದವರ ಮೇಲೆ ಹೇಗೆ ಸಿಟ್ಟು ಮಾಡುವುದು? ಒಳಗೆ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮಾತು ನಡೆದಷ್ಟು ಹೊತ್ತೂ ರೊಟ್ಟಿಯ ಸದ್ದು ನಿಂತಿತ್ತು. ಮಾತು ಮುಗಿದ ಮೇಲೆ ಅದು ಮತ್ತೆ ಶುರುವಾಯಿತು. ಊಟ ಮಾಡಿಕೊಂಡೇ ಹೋಗಬೇಕೆಂದು ಅವಳು ಹಟ ಹಿಡಿದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸುತ್ತ, ಬಿಡ್ರಿ ಅಕ್ಕೋರ ಎಂದು ಮೆಲ್ಲಗೆ ಹೇಳಿದಳು. ಅದಾದ ಮೇಲೆ ನಾನು ಆ ಮಾತು ತೆಗೆಯಲಿಲ್ಲ.

ವರ್ಷಗಳು ಹೋದವು. ನನಗೆ ಒಬ್ಬಳೇ ಗಾಡಿ ಓಡಿಸುವ ಧೈರ್ಯ ಬಂತು, ಬರಲೇಬೇಕಾಯಿತು. ಲಕ್ಕವ್ವನವರು ಕೈ ಕೂಡಿ ಮೊದಲಿನಂತಾದರು. ಡ್ರೈವರನ ಗಾಡಿಯಲ್ಲಿ ದವಾಖಾನೆಗೆ ಹೋಗುತ್ತಾರೆ, ಅವನು ಕಬ್ಬಿನ ಸುದ್ದಿಗೆ ಹೂಂಗುಡುವುದಿಲ್ಲ ಎಂದು ದೂರುತ್ತಾರೆ. ಮಾಳಪ್ಪ ಮಸ್ಕತ್ತಿನ ಕೆಲಸ ಬಿಟ್ಟು ಬಂದ. ಅಲ್ಲಿಯೂ ಗಾಡಿ ಹೆಚ್ಚಾಗಿ ಎಷ್ಟೋ ಸರ್ಕಲ್ಲು ಕಿತ್ತು ಸಿಗ್ನಲ್ ಹಾಕಿದ್ದಾರೆ ಎಂದು ಅವನೇ ಹೇಳಿದ. ತಂಗಿ ನೋಡಿದ ಕಾಫಿ ಹೂಜಿಯ ಸರ್ಕಲ್ ಇದೆಯೋ ಇಲ್ಲವೋ ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ನಮ್ಮ ರವಿವಾರಗಳು ಒಂದೊಂದಾಗಿ ತಪ್ಪಿದವು. ಅವಳಿಗೂ ಕೆಲಸ, ನನಗೂ ಕೆಲಸ ಎಂದು ಇಬ್ಬರೂ ಹೇಳಿಕೊಂಡೆವು.

ಹೋದ ತಿಂಗಳು ಜಮಖಂಡಿಯಲ್ಲಿ ಒಂದು ಮದುವೆ ಇತ್ತು. ಇಬ್ಬರಿಗೂ ಬೇಕಾದವರ ಮನೆಯದು. ಬೀರಪ್ಪನವರ ಡ್ರೈವರ್ ರಜೆಯ ಮೇಲಿದ್ದ. ನಾನು ಕಸ್ತೂರಿಯನ್ನು ನನ್ನ ಗಾಡಿಯಲ್ಲೇ ಕರೆದುಕೊಂಡು ಹೋದೆ. ಬಹಳ ದಿನಗಳ ಮೇಲೆ ಅವಳು ನನ್ನ ಪಕ್ಕದಲ್ಲಿ ಕೂತಿದ್ದಳು, ರೇಷ್ಮೆ ಸೀರೆ, ಮಡಿಲಲ್ಲಿ ಮದುಮಕ್ಕಳಿಗೆ ಕೊಡುವ ಆಹೇರಿಯ ಪೊಟ್ಟಣ. ದಾರಿಯಲ್ಲಿ ಹಳೆಯ ಸುದ್ದಿ ಎಲ್ಲ ಬಂದವು. ಬಾಡಗಂಡಿಯ ಮಿರ್ಚಿಯಷ್ಟು ಖಾರದ ಮಿರ್ಚಿ ಆಮೇಲೆ ತಿಂದಿಲ್ಲ ಎಂದಳು. ಊರು ಬಿಟ್ಟು ಬಂದ ಮೇಲೆ, ನೀನು ಸ್ವಲ್ಪ ಹೊತ್ತು ಓಡಿಸುತ್ತೀಯೇನು ಎಂದು ಕೇಳಿದೆ. ರೇಷ್ಮೆ ಸೀರೆಯಲ್ಲಿ ಆಗುವುದಿಲ್ಲ ಎಂದು ನಕ್ಕಳು. ಮೊದಲೆಲ್ಲ ಅವಳು ಎಂಥ ಸೀರೆಯಲ್ಲೂ ಓಡಿಸುತ್ತಿದ್ದಳು.

ಜಮಖಂಡಿಯ ಸರ್ಕಲ್ಲಿಗೆ ಬಂದಾಗ ಒಳಗೆ ಸೈಕಲ್ಲಿನ ಮೇಲೆ ಒಬ್ಬ ಮುದುಕರು ನಿಧಾನವಾಗಿ ಸುತ್ತಿಕೊಂಡು ಬರುತ್ತಿದ್ದರು. ಸೈಕಲ್ಲಿನ ಹಿಂದೆ ಮೇವಿನ ಹೊರೆ ಕಟ್ಟಿದ್ದರು. ನಾನು ಬ್ರೇಕು ಹಿಡಿದೆ. ಅವಳು ಪಕ್ಕದಲ್ಲಿದ್ದಾಳೆ ಎಂದೇ ಹಿಡಿದೆ, ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡೆ. ಗಾಡಿ ನಿಂತಿತು. ಹಿಂದೆ ಹಾರ್ನ್ ಶುರುವಾಯಿತು. ತಿರುಗಿ ನೋಡಿದರೆ ಕಸ್ತೂರಿ ಮುದುಕರನ್ನು ನೋಡುತ್ತಿರಲಿಲ್ಲ. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ಹೊರಳಿ ಗಾಜಿನಾಚೆ ನೋಡುತ್ತಿದ್ದಳು. ಒಂದು ಕೈಯಲ್ಲಿ ನನ್ನ ತೋಳು ಬಿಗಿಯಾಗಿ ಹಿಡಿದಿದ್ದಳು.

“ಹೋಗ್ರೀ ಅಕ್ಕೋರ,” ಎಂದಳು. “ನಿಂದರಬ್ಯಾಡ್ರಿ. ಹಿಂದ ಗಾಡಿ ಬರಾಕತ್ತಾವ.”

ಅವಳ ದನಿಯಲ್ಲಿ ನನ್ನ ಜೊತೆ ವಾದ ಮಾಡುವ ಕಸ್ತೂರಿ ಇರಲಿಲ್ಲ. ನಾನು ಹಾರ್ನ್ ಒತ್ತಿ ಮುಂದೆ ಹೋದೆ. ಮುದುಕರು ಗಕ್ಕನೆ ಒಂದು ಕಾಲು ನೆಲಕ್ಕೂರಿ, ವಾಲುತ್ತಿದ್ದ ಮೇವಿನ ಹೊರೆಯನ್ನು ಒಂದು ಕೈಯಿಂದ ಹಿಡಿದು, ನಮಗೆ ದಾರಿ ಬಿಟ್ಟರು. ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ. ದಿನಾ ಬಿಡುತ್ತಿದ್ದ ದಾರಿಯೇ ಅದು.

ಕಸ್ತೂರಿ ಕಿಟಕಿಯ ಗಾಜು ಇಳಿಸಿದಳು. “ತಪ್ಪ ತಿಳೀಬ್ಯಾಡ್ರಿ ಅಜ್ಜಾರ,” ಎಂದಳು.

ಯಾವುದಕ್ಕೆ ಎಂದು ಅವರಿಗೆ ತಿಳಿಯಲಿಲ್ಲ. ತಮಗೇ ಹೇಳಿದ್ದೋ ಬೇರೆ ಯಾರಿಗೋ ಎಂದು ಒಮ್ಮೆ ಹಿಂದೆ ತಿರುಗಿ ನೋಡಿದರು. ಅಷ್ಟರಲ್ಲಿ ನಾವು ಸರ್ಕಲ್ ದಾಟಿದ್ದೆವು.